ಸಾವಿರದಲ್ಲಿ ಏಳು ಕಳೆ

ಓತಪ್ಪನ ಬಾಲ ಹೋಗಿ ಮೂರು ತಿಂಗಳು.
ಒಳಗಿನ ಕೈ ನನ್ನದು, ದನಿಯೂ ನನ್ನದು,
ಬಾಲ ಮಾತ್ರ ಚಿಕ್ಕಪೇಟೆಯ ರಹಮತ್ ಸಾಬರದು:
ರವಿಕೆ ಹೊಲಿದು ಉಳಿದ ಹಸಿರು ಚೂರು,
ನಡುವೆ ಮುರಿದ ಛತ್ರಿಯ ಕಡ್ಡಿ.
ದುಡ್ಡು ಬಂದಾಗ ಕೊಡಿ ಅಂದಿದ್ದರು, ಮೊದಲ ಬಾಲಕ್ಕೆ.
ಎರಡನೆಯದಕ್ಕೆ ಅವರು ಏನೂ ಅನ್ನಲಿಲ್ಲ,
ನಾನೂ ಕೇಳಲಿಲ್ಲ.

ಹದಿಮೂರು ಪಾಠ ಮುಗಿದಿವೆ.
ಸ್ಟುಡಿಯೋದ ಲೈಟುಗಳಿಗೆ ಬಟ್ಟೆ ಹೊದಿಸಿದ್ದಾರೆ.
ಹದಿನಾಲ್ಕನೆಯದು ನನಗೆ ಇಷ್ಟದ್ದು:
ಸಾವಿರದಲ್ಲಿ ಏಳು ಕಳೆ.

ಬಿಡಿಯ ಮನೆಯಲ್ಲಿ ಸೊನ್ನೆ.
ಕಡ ಕೇಳಲು ಹತ್ತರ ಮನೆಗೆ ಹೋಗು, ಅಲ್ಲೂ ಸೊನ್ನೆ.
ನೂರರ ಮನೆಯ ಬಾಗಿಲು ತಟ್ಟು, ಒಳಗಿನಿಂದಲೇ
'ಇಲ್ಲ ಕಣಪ್ಪ, ಮುಂದಿನ ಮನೆ ನೋಡು.'
ಚೊಂಬು ಹಿಡಿದು ಓತಪ್ಪ ಬೀದಿಯುದ್ದ ಅಲೆಯಬೇಕು.
ಕೊನೆಯ ಮನೆಯಲ್ಲಿ ಒಬ್ಬಳಿದ್ದಾಳೆ, ಒಂದಮ್ಮ.
ಕೊಡುತ್ತಾಳೆ. ಇರುವುದನ್ನೆಲ್ಲ.
ಬರುವ ದಾರಿಯಲ್ಲಿ ಮನೆಮನೆಗೂ ಒಂಬತ್ತು ಇಳಿಸಿ
ಬಿಡಿಯ ಹೊಸ್ತಿಲಿಗೆ ಹತ್ತು ತರುವ ಹೊತ್ತಿಗೆ
ಕೇರಿಗೆ ಕೇರಿಯೇ ಹಬ್ಬ.

ಬರೆದಾಗ ನಕ್ಕಿದ್ದೆ.
ಆಮೇಲೆ ಫೈಲು ಹಿಡಿದು ಹೊರಟೆ.

ಬಹುಮಹಡಿ ಕಟ್ಟಡದಲ್ಲಿ ಶಿಕ್ಷಣದವರು
ಇದು ಟೀವಿಯಲ್ಲವೆ, ವಾರ್ತೆಯವರನ್ನು ಕೇಳಿ ಅಂದರು.
ವಾರ್ತೆಯವರು, ಮಕ್ಕಳದಲ್ಲವೆ, ಮಕ್ಕಳ ಕಲ್ಯಾಣಕ್ಕೆ ಹೋಗಿ.
ಅಲ್ಲಿ ಬಿಸ್ಕತ್ತು ಕೊಟ್ಟರು.
ಅನುದಾನ ಮೊಟ್ಟೆಗಿದೆ, ಬೊಂಬೆಗಿಲ್ಲ ಅಂದರು,
ನಿಜಕ್ಕೂ ಬೇಜಾರಿನಿಂದ.
ಮೊಟ್ಟೆ ನಿಲ್ಲಿಸಿ ಬೊಂಬೆ ಕೊಡಿ ಅನ್ನಲು
ನಾನೇನು ರಾಕ್ಷಸಿಯೆ?

ಹಣಕಾಸಿನ ವಜ್ರೇಶ್ವರಿ ಮೇಡಂ
ಕನ್ನಡಕ ಏರಿಸಿ ಟಿಪ್ಪಣಿ ಓದಿದರು:
'ಓತಿಕ್ಯಾತ ಎಂದರೇನು? ಜೀವಂತವಿದ್ದಲ್ಲಿ
ಪಶುಸಂಗೋಪನೆ ಇಲಾಖೆಯ ಅಭಿಪ್ರಾಯ ಪಡೆದು
ಮರುಮಂಡಿಸತಕ್ಕದ್ದು.'
ಚೀಲದಿಂದ ತೆಗೆದೆ. ಕೈ ತೂರಿಸಿದೆ.
ಬಾಲವಿಲ್ಲದೆಯೂ ತಲೆಯಾಡಿಸಿದ, ಮೂರು ಸಲ,
ಬೇಲಿಯ ಮೇಲೆ ಅವನ ಕುಲದವರು ಆಡಿಸುವ ಹಾಗೆ.
ಓತಿಕ್ಯಾತಕ್ಕೆ ಬೇಲಿ ಸಾಕ್ಷಿಯಂತೆ,
ನನ್ನ ಹತ್ತಿರ ಒಂದು ವೋಚರೂ ಇಲ್ಲ.
ಮೇಡಂ ನಗಲಿಲ್ಲ. ಆದರೆ
ನನ್ನನ್ನಲ್ಲ, ಅವನನ್ನೇ ನೋಡಿ ಕೇಳಿದರು:
'ನಿನ್ನ ಬಾಲಕ್ಕೆ ಎಷ್ಟಾಗುತ್ತಪ್ಪ?'
'ನೂರಾ ಎಂಬತ್ತು,' ಅಂದ ಓತಪ್ಪ.
'ಅಷ್ಟು ಚಿಕ್ಕ ಮೊತ್ತಕ್ಕೆ ನಮ್ಮಲ್ಲಿ ಕಾಲಂ ಇಲ್ಲ.'
ಮಾರ್ಚ್ ಇಪ್ಪತ್ತೊಂಬತ್ತು. ಕಾರಿಡಾರಿನ ತುಂಬ ಬಿಲ್ಲುಗಳ ಓಟ.
ಇನ್ನೆರಡು ದಿನ ಕಳೆದರೆ
ಉಳಿದದ್ದೂ ಉಳಿಯುವುದಿಲ್ಲ.

ಹೆಗ್ಗನಹಳ್ಳಿಯ ಶಾಲೆಯಲ್ಲಿ ಟೀವಿಗೆ ಕಬ್ಬಿಣದ ಪಂಜರ,
ಬೀಗದಕೈ ಹೆಡ್ ಮೇಡಂ ಸೊಂಟದಲ್ಲಿ.
ಬುಧವಾರ ಹನ್ನೊಂದಕ್ಕೆ ತೆರೆದರೆ
ಹದಿಮೂರನೆಯದೇ ಮತ್ತೆ, ಮತ್ತೆ.
ಗಾರ್ಮೆಂಟ್ಸಿಗೆ ಹೋಗುವವರ ಮಕ್ಕಳು
ನನ್ನ ಮಾತನ್ನು ನನಗಿಂತ ಮೊದಲೇ ಆಡುತ್ತಾರೆ.
ಕಳೆದ ವಾರ ಹಿಂದಿನ ಬೆಂಚಿನಲ್ಲಿ ಕೂತಿದ್ದೆ.
ಮೂರನೇ ಕ್ಲಾಸಿನ ದಾಕ್ಷಾಯಣಿ ಸ್ಲೇಟು ತೋರಿಸಿದಳು:
ಸಾವಿರದಲ್ಲಿ ಏಳು ಕಳೆದರೆ ಒಂದು ಸಾವಿರದ ಏಳು.
'ಸೊನ್ನೆಯಲ್ಲಿ ಏಳು ಹೋಗಂಗಿಲ್ಲರಿ ಮಿಸ್,
ಅದಕ್ಕ ಏಳನ್ನ ಇಟ್ಟೇನಿ.'
ಕಳೆದರೂ ಹೆಚ್ಚಾಗುವ ಲೆಕ್ಕ.
ತಿದ್ದಲು ಕೈಯೆತ್ತಿದೆ. ಬರಿಗೈ.
ಓತಪ್ಪ ಮನೆಯಲ್ಲಿದ್ದ.

ಈಗ ಬಸ್ಸಿನಲ್ಲಿ ಮೆಜೆಸ್ಟಿಕ್ ಕಡೆಗೆ, ತೊಡೆಯ ಮೇಲೆ ಅವನು.
ಕಂಡಕ್ಟರ್ ಚೀಟಿ ಹರಿದು ಕೊಟ್ಟ, ಹೆಂಗಸರದು,
ಬೆಲೆಯ ಜಾಗದಲ್ಲಿ ಸೊನ್ನೆ.
ಸೊನ್ನೆ ಅಂತಲೇ ಇದೆ, ಆದರೂ ಬಸ್ಸು ಹೊರಟಿತು,
ಡೀಸೆಲ್ ಉರಿಯಿತು, ಡ್ರೈವರಿಗೆ ಸಂಬಳವಿದೆ ತಾನೆ.
ಎಲ್ಲೋ ನಾಲ್ಕನೇ ಮನೆಯಲ್ಲಿ
ಯಾರೋ ಬಾಗಿಲು ತೆರೆದಿರಬೇಕು.

ಚೀಟಿಯನ್ನು ಸುರುಳಿ ಸುತ್ತಿ
ಓತಪ್ಪನ ಹಿಂದೆ, ಬಾಲವಿದ್ದ ತೂತಿಗೆ ಸಿಕ್ಕಿಸಿದೆ.
ನಿಲ್ಲಲಿಲ್ಲ.
ಇನ್ನೊಮ್ಮೆ ಸಿಕ್ಕಿಸಿದೆ.