ಕರಡಚ್ಚು

ಸೂಜಿ ಬಂದದ್ದು ಸೀಸದ ಡಬ್ಬಿಯೊಳಗೆ.
ನೋಡಿದೊಡನೆ ಗುರುತು ಹಿಡಿದೆ, ಹಳೆಯ ಸಹೋದ್ಯೋಗಿ.
ಗಿರಗಾಂವಿನ ಅಚ್ಚುಕೂಟದಲ್ಲಿ ಇಪ್ಪತ್ತೆರಡು ವರ್ಷ
ಇದೇ ಸೀಸದ ಮೊಳೆ ಹೆಕ್ಕಿ ಹೆಕ್ಕಿ
ಕನ್ನಡ ಜೋಡಿಸಿದ ಬೆರಳು ಇವು; ಉಗುರಿನಡಿಯ ಕಪ್ಪು
ಮದುವೆಯ ಅರಿಶಿನಕ್ಕೂ ಜಗ್ಗಿರಲಿಲ್ಲ.

"ಸಕ್ಕರೆ ನೀರು ಕಾಕಾ, ಹೆದರಬೇಡಿ,"
ಅಂದಳು ಘರತ್ ಹುಡುಗಿ, ಮರಾಠಿಯಲ್ಲಿ.
"ಬೆಳಗಿನ ಜಾವ ತಯಾರಿಸಿ ವ್ಯಾನಿನಲ್ಲಿ ತಂದದ್ದು,
ನೂರ ಹತ್ತು ನಿಮಿಷ ಇದರ ಅರ್ಧಾಯುಷ್ಯ."
ನಮ್ಮ ಕಡೆ ಸಾವಿನ ಮನೆಯ ಜಗಲಿಯಲ್ಲಿ ಪಿಸುಗುಡುವ ಮಾತು;
ಅವಳು ಗಡಿಯಾರ ನೋಡಿ ಬರೆದುಕೊಂಡಳು.

ಆಮೇಲೆ ಒಂದು ಗಂಟೆ ಕತ್ತಲ ಕೋಣೆ, ಕಂಬಳಿ.
ಮಾತಾಡಕೂಡದು. ಆಡಿದರೆ ಗಂಟಲು ಸಕ್ಕರೆ ಕದಿಯುತ್ತದೆ,
ಚಿತ್ರದಲ್ಲಿ ಸುಳ್ಳೇ ಬೆಳಗುತ್ತದೆ.
ಓದಲೂ ಬಾರದಂತೆ;
ತುಟಿ ಅಲುಗಿಸದೆ ಓದಲು ನಾನು ಕಲಿತೇ ಇಲ್ಲ.
ನಿನ್ನೆ ರಾತ್ರಿಯಿಂದ ಉಪವಾಸ.
ಅಮ್ಮ ಅಡಗಿಸಿಟ್ಟ ಬೆಲ್ಲವನ್ನು ನಾವು
ಇರುವೆಯ ಸಾಲು ಹಿಡಿದು ಹುಡುಕುತ್ತಿದ್ದೆವು,
ಅಕ್ಕಿ ಡಬ್ಬದ ಹಿಂದೆ, ಒಮ್ಮೆ ದೇವರ ಪೀಠದಡಿ.
ಇವರದೂ ಅದೇ ವಿದ್ಯೆ, ತಿರುಗಿಸಿಟ್ಟದ್ದು:
ಸಕ್ಕರೆ ಚೆಲ್ಲಿ ಇರುವೆಯ ಗೂಡು ಹುಡುಕುವುದು.
ಎದೆಯೊಳಗೆ ಯಾರೋ ಎಲೆ ಹಾಕಿಕೊಂಡು ಕೂತ ಸದ್ದು
ಕೇಳಿಸಿದಂತಾಯಿತು.

ಯಂತ್ರ ಒಳಗೆಳೆದುಕೊಂಡಿತು, ಹೊರಗೆ ನೂಕಿತು.
ನಮ್ಮ ಟ್ರೆಡಲ್ಲಿನ ಕಾಲುಭಾಗ ಸದ್ದೂ ಇಲ್ಲ.

ಹೊರಡುವಾಗ ಘರತ್: "ಸಂಜೆಯವರೆಗೆ
ಬಸುರಿಯರಿಂದ, ಎಳೆಗೂಸುಗಳಿಂದ ದೂರವಿರಿ."
ಮುಂಬಯಿಯಲ್ಲಿ ದೂರ! ಹೇಳುತ್ತ ಅವಳಿಗೇ ನಗು ಬಂತು.
ಪರೇಲ್ ಸ್ಟೇಷನ್ನಿನ ಬೆಂಚಿನಲ್ಲಿ ಕೂತು ಮೂರು ಲೋಕಲ್ ಬಿಟ್ಟೆ.
ನಾಲ್ಕನೆಯದು ಬರುವ ಮುಂಚೆ
ತುಂಬಿದ ಹೊಟ್ಟೆಯವಳೊಬ್ಬಳು ಏದುಸಿರು ಬಿಡುತ್ತ ಪಕ್ಕ ಕೂತಳು.
ಕೆಂಡ ಮುಟ್ಟಿದವನಂತೆ ಎದ್ದೆ, ಕಂಬದಾಚೆ ಸರಿದೆ.
"ಥ್ಯಾಂಕ್ಯೂ ಕಾಕಾ," ಅಂದಳು,
ನನ್ನ ಜಾಗದಲ್ಲಿ ತರಕಾರಿ ಚೀಲ ಇಟ್ಟು.

ಮೂರನೆಯ ದಿನ ಡಾಕ್ಟರ್ ದಾರೂವಾಲಾ ಪರದೆ ತಿರುಗಿಸಿದರು.
ಬಿಳಿಯ ಮೇಲೆ ನಾನು, ತೆಳು ಬೂದು ಮಸಿಯಲ್ಲಿ.
ಮಿದುಳು ಕಪ್ಪು, ಹೃದಯ ಕಪ್ಪು, ಮೂತ್ರಕೋಶ ಕಡುಕಪ್ಪು.
"ಅದೆಲ್ಲ ಸರಿಯೇ. ಎಡಗಡೆ ಕಾಣುವುದು ನಿಮ್ಮ ಬಲ."
ಅದನ್ನು ನನಗೆ ಹೇಳುತ್ತೀರಾ ಡಾಕ್ಟರೇ,
ಕನ್ನಡಿಯಕ್ಷರ ಓದಿ ಹೊಟ್ಟೆ ಹೊರೆದವನಿಗೆ!
ಬಲ ಶ್ವಾಸಕೋಶದ ಮೇಲ್ತುದಿಯಲ್ಲಿ ಮಸಿ ಹೆಚ್ಚಾದ ಚುಕ್ಕೆ,
ಎರಡೂ ಮುಕ್ಕಾಲು ಸೆಂಟಿಮೀಟರು. ಅದಕ್ಕೆ ಆಗಲೇ ಹೆಸರಿಟ್ಟಾಗಿದೆ.
ಇನ್ನೊಂದು, ಎದೆಯ ನಡುವೆ, ಎಡಕ್ಕೆ ವಾಲಿ, ಮಸುಕು.

"ಇದೂ ಅದೇ ಆದರೆ ಮೂರನೆಯ ಹಂತ, ಚಾಕು ಮುಟ್ಟಿಸುವುದಿಲ್ಲ.
ಅಲ್ಲವಾದರೆ ಮೊದಲನೆಯದು, ಕತ್ತರಿಸಿ ತೆಗೆಯಬಹುದು.
ಹಿಂದೆ ಯಾವಾಗಲಾದರೂ ಟಿಬಿ?"
ಎಪ್ಪತ್ತೊಂಬತ್ತರಲ್ಲಿ. ಶಿವಡಿ ಆಸ್ಪತ್ರೆ, ಎಂಟು ತಿಂಗಳು.
ಒಂದೇ ಖೋಲಿಯಲ್ಲಿ ಹನ್ನೊಂದು ಜನ,
ಒಬ್ಬನ ಕೆಮ್ಮು ಎಲ್ಲರ ಆಸ್ತಿ.
ಅವರು ಮೊದಲ ಸಲ ನಕ್ಕರು:
"ಹಳೆಯ ಗಾಯಕ್ಕೂ ಒಮ್ಮೊಮ್ಮೆ ಹಸಿವಾಗುತ್ತದೆ.
ಯಂತ್ರ ಹಸಿವು ತೋರಿಸುತ್ತದೆ, ಹೆಸರು ಹೇಳುವುದಿಲ್ಲ.
ಶ್ವಾಸನಾಳದಿಂದ ಸೂಜಿ ಇಳಿಸಿ ಕೇಳೋಣ, ಸೋಮವಾರ."

ಇಷ್ಟು ವರ್ಷ ಶಪಿಸಿದ ಕ್ಷಯವೇ,
ಅದು ನೀನೇ ಆಗಿರು ಎಂದು
ಮೆಟ್ಟಿಲಿಳಿಯುತ್ತ ಬೇಡಿಕೊಂಡೆ.

ಮನೆಗೆ ಬಂದು ಚಿತ್ರದ ಹಾಳೆಯನ್ನು ಕಿಟಕಿಗೆ ಹಿಡಿದೆ.
ಚುಕ್ಕೆ ತುಂಬಿದ್ದರೆ ಪೂರ್ಣವಿರಾಮ, ಟೊಳ್ಳಾಗಿದ್ದರೆ ಸೊನ್ನೆ.
ಸೊನ್ನೆಯನ್ನು ಹೇಗೆ ಉಚ್ಚರಿಸಬೇಕೆಂದು
ಮುಂದಿನ ಅಕ್ಷರ ಬಂದ ಮೇಲೆಯೇ ಗೊತ್ತು.
ಅಭ್ಯಾಸಬಲ, ಅಂಚಿನಲ್ಲಿ ಪೆನ್ಸಿಲ್ಲಿನಿಂದ
ಒಂದು ಪ್ರಶ್ನಾರ್ಥಕ ಹಾಕಿದೆ.

"ಏನಂತೆ?" ಅಂದಳು ವಾರಿಜ, ಚಹಾ ಕುದಿಸುತ್ತ.
ಕರಡು ಬಂದಿದೆ, ತಿದ್ದುವುದಿದೆ, ಅಂದೆ.
ಚಮಚ ಹಿಡಿದು ನಿಂತೇ ಇದ್ದಳು. "ಸಕ್ಕರೆ?"
ಹಾಕು ಮಾರಾಯ್ತಿ.
ಒಳಗೆ ಉಣ್ಣುವವರು ಬೇರೆಯವರೂ ಇದ್ದಾರೆ.