ಲಗತ್ತು: ಕತ್ತಲೆ

ಡುಲೂತ್‌ನಲ್ಲಿ ಫೆಬ್ರವರಿ ಎಂದರೆ
ಕೆರೆ ಎನ್ನಲು ನಾಲಿಗೆ ಹೊರಳದಷ್ಟು ದೊಡ್ಡ ಕೆರೆ
ಯಾರೋ ಹೆಪ್ಪು ಹಾಕಿ ಮರೆತ ಮೊಸರಿನ ಹಾಗೆ
ಕಿಟಕಿಯಾಚೆ ಸುಮ್ಮನೆ ಬಿದ್ದಿರುತ್ತದೆ.

ನನ್ನ ಬಾಗಿಲಿಗೆ ಸಲಹೆಗಾರ್ತಿ ಎಂದು ಬೋರ್ಡು.
ಹದಿನಾಲ್ಕು ವರ್ಷದಿಂದ ಈ ಹೈಸ್ಕೂಲಿನಲ್ಲಿ
ನರ್ಸಿಂಗ್ ನಿನಗೆ, ವೆಲ್ಡಿಂಗ್ ನಿನಗೆ, ಅಕೌಂಟ್ಸ್ ನಿನಗೆ ಎಂದು
ಪಂಕ್ತಿಯಲ್ಲಿ ಪಲ್ಯ ಬಡಿಸಿದ ಹಾಗೆ ಬಡಿಸಿದ್ದೇನೆ,
ತಲೆಯೆತ್ತಿ ಎಲೆಯ ಹಿಂದಿನ ಮುಖ ನೋಡದೆ.

ಸಿಗ್ನೆ ಹಾಲ್ವರ್ಸನ್ ಬಂದು ಕುಳಿತಳು.
ಉಗುರ ಸಂದಿಯಲ್ಲಿ ಕಪ್ಪು ಬಣ್ಣ,
ಸೊಂಟಕ್ಕೆ ದಾರ ಕಟ್ಟಿ ತೂಗಿಬಿಟ್ಟ ಸ್ಪ್ಯಾನರ್.
ನಾಟಕ ಓದಬೇಕು ಎಂದಳು.
ನಟನೆಯೇ? ಎಂದೆ.
ಅಲ್ಲ. ಅದು ನಡೆಯುವ ಹಾಗೆ ಮಾಡುವುದು.

ಫಾರಮ್ಮಿನಲ್ಲಿ ಅಂಥ ಚೌಕ ಇರಲಿಲ್ಲ.
ನಟನೆ, ಸಂಗೀತ, ನೃತ್ಯ, ಇತರೆ.
ಇತರೆಯ ಮುಂದೆ ಎಳೆದ ಗೆರೆ
ಅವಳ ಅಡ್ಡಹೆಸರಿಗೂ ಸಾಲದು.

ಮೂರು ಸಂಜೆ ಹುಡುಕಿದೆವು.
ಒಂದು ಬೇಸಿಗೆ ಶಿಬಿರ, ಮೂರೇ ವಾರ,
ಕೇಳುವ ದುಡ್ಡಿಗೆ ಅವಳಮ್ಮ
ಕಾರಿಗೆ ಹೊಸ ಎಂಜಿನ್ ಕೂರಿಸಬಹುದು.
ಇನ್ನೊಂದರಲ್ಲಿ ತಂತ್ರಜ್ಞರಿಗೂ ಸ್ವಾಗತ ಎಂದು ಒಂದು ಸಾಲು,
ಅದರ ಕೆಳಗೆ ಬಾಯಿ ತೆರೆದು ಹಾಡುವವರ ಹನ್ನೆರಡು ಫೋಟೋ.
ಸಿಗ್ನೆ ಬಗ್ಗಿ ನೋಡಿದಳು.
ಇವಳ ಮೂಗಿನ ನೆರಳು ತುಟಿ ದಾಟಿದೆ, ನೋಡಿ.
ದೀಪ ತೀರಾ ನೆತ್ತಿಯ ಮೇಲಿದೆ.
ಈ ಜಾಗ ಬೇಡ.

ನಲವತ್ತೇಳನೇ ವಯಸ್ಸಿಗೆ ನನಗೆ
ಮೂಗಿಗೊಂದು ನೆರಳಿರುವುದು ಕಂಡಿತು.

ವಿಸ್ಕಾನ್ಸಿನ್‌ನಲ್ಲಿ ಹಳೇ ದನದ ಕೊಟ್ಟಿಗೆಯೊಂದು
ಬೇಸಿಗೆಯಲ್ಲಿ ರಂಗಮಂದಿರವಾಗುತ್ತದಂತೆ. ಫೋನ್ ಮಾಡಿದೆ.
ಎತ್ತಿದ ಹೆಂಗಸಿನ ಹಿಂದೆ ಗರಗಸದ ಸದ್ದು.
ಕೂಲಿ ಅಷ್ಟಕ್ಕಷ್ಟೆ. ಊಟ ಉಂಟು. ಮಲಗಲು ಅಟ್ಟ.
ಏಣಿ ಹತ್ತಲು ಹೆದರಿಕೆಯೇ ಹುಡುಗಿಗೆ?
ಅಂಕಪಟ್ಟಿ ಕೇಳಲೇ ಇಲ್ಲ.

ಆ ರಾತ್ರಿ ಗದುಗಿನ ಸೋದರಮಾವ ನೆನಪಾದ.
ಕಂಪನಿ ನಾಟಕದಲ್ಲಿ ಪರದೆ ಎಳೆಯುವ ಕೆಲಸ.
ರಾಜನಿಗೆ ಸಿಳ್ಳೆ, ರಾಣಿಗೆ ನೋಟಿನ ಹಾರ,
ಇವನ ಪಾಲಿಗೆ ಅಂಗೈಯ ಜಡ್ಡು.
ಯಾರರ ಸಾಯ್ಲಿ, ಯಾರರ ಗೆಲ್ಲಲಿ,
ನಾಟಕ ಮುಗಿಯೂದು ನಾ ಹಗ್ಗ ಬಿಟ್ಟಾಗ, ಅನ್ನುತ್ತಿದ್ದ.
ರೇಷನ್ ಕಾರ್ಡಿನಲ್ಲಿ ಅವನ ಉದ್ಯೋಗ: ಇತರೆ.
ತುಂಬಿದವಳು ನಾನೇ, ನನ್ನ ದುಂಡು ಅಕ್ಷರ.

ಕಾಲೇಜುಗಳು ಕೇಳಿದವು: ನಿನ್ನ ಕೆಲಸದ ಹತ್ತು ಚಿತ್ರ.
ಸಿಗ್ನೆ ತಂದದ್ದು ಪೆನ್ಸಿಲು ಗೀಚಿ ಮಾಸಿದ ಸೂಚನೆ ಹಾಳೆ,
ಗಂಟುಗಳ ನಕ್ಷೆ, ಸುಳ್ಳು ಬಾಗಿಲೊಂದರ ನಿಜವಾದ ಹಿಂಬದಿ,
ಕೊನೆಗೆ ಪೂರಾ ಕಪ್ಪಾದ ಒಂದು ಫೋಟೋ.
ಹಾಳಾಗಿದೆಯಲ್ಲೇ ಇದು, ಎಂದೆ.

ಇಲ್ಲ. ತಾಲೀಮಿನಲ್ಲಿ ತೆಗೆದದ್ದು. ಹನ್ನೊಂದು ಸೆಕೆಂಡಿನ ಕತ್ತಲೆ.
ಅಷ್ಟರಲ್ಲಿ ಅಡುಗೆಮನೆ ಹೋಗಿ ರೈಲ್ವೆ ಸ್ಟೇಷನ್ ಬರಬೇಕು.
ಇದರೊಳಗೆ ಆರು ಜನ ಓಡುತ್ತಿದ್ದೇವೆ.

ಕಣ್ಣು ಕಿರಿದು ಮಾಡಿ ನೋಡಿದೆ. ಏನೂ ಕಾಣಲಿಲ್ಲ.
ಲಗತ್ತಿಸಿದೆ.

ಮಾರ್ಚ್ ಕೊನೆಗೆ ಮಂಜು ಒಡೆದು ಮೊದಲ ಹಡಗು ಬಂತು.
ತೂಗುಸೇತುವೆಯಲ್ಲ ಅದು, ಎತ್ತುಸೇತುವೆ:
ಎರಡು ಕಡೆ ಭಾರ ಇಳಿದಂತೆ ನಡುವಿನ ರಸ್ತೆ ಮೇಲೇಳುತ್ತದೆ.
ಜನ ಹಡಗಿಗೆ ಕೈ ಬೀಸಿದರು.
ನಾನು ಇಳಿಯುವ ಕಲ್ಲಿನ ಭಾರವನ್ನೇ ನೋಡುತ್ತಿದ್ದೆ.

ಎರಡು ಕಾಲೇಜು ಇಲ್ಲ ಎಂದವು. ಒಂದು, ಕಾಯಿರಿ ಎಂದಿತು.
ಕೊಟ್ಟಿಗೆಯವಳು ಬೂಟಿನ ಅಳತೆ ಕೇಳಿದಳು.

ಏಪ್ರಿಲ್‌ನಲ್ಲಿ ಶಾಲೆಯ ನಾಟಕ. ಹದಿನಾಲ್ಕು ವರ್ಷದಲ್ಲಿ
ಟಿಕೆಟ್ ಕೊಂಡು ಕುಳಿತದ್ದು ಇದೇ ಮೊದಲು.
ಅಡುಗೆಮನೆಯಲ್ಲಿ ಯಾರೋ ಅತ್ತರು, ದೀಪ ಆರಿತು.
ಪಕ್ಕದವರು ಕೆಮ್ಮಿಕೊಂಡರು.
ನಾನು ಬೆರಳು ಮಡಚಿ ಹನ್ನೊಂದು ಎಣಿಸತೊಡಗಿದೆ.

ಒಂಬತ್ತಕ್ಕೇ ಸ್ಟೇಷನ್ ಬಂದಿತ್ತು.