ಕಾಯುವ ಕೀಲಿ

ವಾಸ್ಕೋದ ಬೈನಾದಲ್ಲಿ ನಮ್ಮ ಕನ್ನಡ ಶಾಲೆ.
ಬೆಳಿಗ್ಗೆ ನಾನು ಮೊದಲು ಮಾಡುವ ಕೆಲಸ
ಕೀಬೋರ್ಡುಗಳ ಮೇಲೆ ಕೂತ ಬಂದರದ ಕಲ್ಲಿದ್ದಲ ಪುಡಿಯನ್ನು
ಹಳೇ ಬನಿಯನ್ನಿನಿಂದ ಒರೆಸುವುದು.
ನಾಲ್ಕು ಕಂಪ್ಯೂಟರು. ಒಂದಕ್ಕೆ ಮೌಸಿಲ್ಲ.

ಮೌಸಿಲ್ಲದ್ದು ಫಕ್ಕೀರೇಶನ ಪಾಲು.
ಅವನ ಎಡಗೈ ಎದೆಗೆ ಮಡಚಿಕೊಂಡೇ ಇರುತ್ತದೆ,
ಬಲಗೈಯಲ್ಲಿ ಮಾತು ಕೇಳುವುದು ಒಂದೇ ಬೆರಳು,
ಅದೂ ಹಟ ಬಂದರೆ ನಡುಗುತ್ತದೆ.

ಒಂದು ಬೆರಳಿಗೆ ಒಂದು ಕೀಲಿ.
ಕ ಬರುತ್ತದೆ. ಖ ಬರಬೇಕಾದರೆ
ಶಿಫ್ಟನ್ನು ಹಿಡಿದುಕೊಳ್ಳಲು ಇನ್ನೊಂದು ಬೆರಳು ಬೇಕು.
ಹೀಗಾಗಿ ಅವನ ಕಥೆ ಕತೆಯಾಯಿತು, ಅದಕ್ಕೆ ನಿಘಂಟಿನಲ್ಲಿ ಕ್ಷಮೆಯಿದೆ;
ಧನ ದನವಾಯಿತು, ಅದಕ್ಕಿಲ್ಲ.
ಸ್ವಂತ ಹೆಸರೇ ಪರದೆಯ ಮೇಲೆ ಪಕ್ಕೀರೇಸ.
ಕೆಂಪು ಗೆರೆ ಎಳೆದವನು ನಾನು.
ಹುಡುಗರು ಅವನನ್ನು 'ಅಲ್ಪಪ್ರಾಣ' ಅಂತ ಕರೆಯತೊಡಗಿದ್ದು
ನನ್ನ ವ್ಯಾಕರಣ ಪಾಠದ ಮರುದಿನದಿಂದ.

ಆ ಮಂಗಳವಾರ ದಾಬೋಳಿಯತ್ತ ವಿಮಾನವೊಂದು
ತಗಡು ಅದುರುವಷ್ಟು ಕೆಳಗೆ ಹಾದುಹೋಯಿತು.
ಬೆರಳು ಬೆಚ್ಚಿತು, ಶಿಫ್ಟಿನ ಮೇಲೇ, ಟಕಟಕಟಕಟಕಟಕ.
ಯಂತ್ರ ಕುಂಯ್‌ಗುಟ್ಟಿತು. ಚೌಕವೊಂದು ಎದ್ದು ನಿಂತು
ಕೇಳಿತು: ಹೌದೋ, ಬೇಡವೋ.

ನನಗದು ಹೊಸದಲ್ಲ.
ಹನ್ನೊಂದು ವರ್ಷ, ಆಟಕ್ಕೆ ಕೂತ ಹುಡುಗರು ಶಿಫ್ಟು ಕುಟ್ಟಿದಾಗಲೆಲ್ಲ
ಓದದೆಯೇ 'ಬೇಡ' ಒತ್ತಿದ್ದೇನೆ,
ಬಾಗಿಲಿಗೆ ಬಂದ ಸೇಲ್ಸ್‌ಮನ್ನನ್ನು ಸಾಗಹಾಕಿದಂತೆ.
ಈ ಸಲವೂ ಕೈ ಚಾಚಿದ್ದೆ.
'ತಡೀರಿ ಸರ,' ಅಂದ. 'ಓದಾಕತ್ತೇನಿ.'

ಹೌದು ಅಂದ ಮೇಲೆ ನಡೆದದ್ದು ಇಷ್ಟೇ:
ಶಿಫ್ಟು ಒತ್ತಿದ, ಬಿಟ್ಟ.
ಅದು ಕಾದಿತು.
ಬೆರಳು ಮೇಜಿನ ಅಂಚಿಗೆ ಒರಗಿ, ಸುಧಾರಿಸಿಕೊಂಡು,
ದಾರಿ ತಪ್ಪಿ, ತಿರುಗಿ ಬಂದು, ಪ ಇರುವಲ್ಲಿ ಇಳಿಯುವ ತನಕ
ಕಾದೇ ಇತ್ತು.
ಫ.

ಯಾರೂ ದಾನ ಕೊಟ್ಟದ್ದಲ್ಲ. ಅರ್ಜಿ ಬರೆದು ತರಿಸಿದ್ದಲ್ಲ,
ಭಾಷಣ ಮಾಡಿ, ಫೋಟೋ ತೆಗೆಸಿ ಹಂಚಿದ್ದೂ ಅಲ್ಲ.
ಮೊದಲಿಂದ ಒಳಗೇ ಇತ್ತು,
ದಿನಾ ನಾನು ಒರೆಸುತ್ತಿದ್ದ ಪುಡಿಯ ಕೆಳಗೆ.

ಹಾಳೆಯ ತುಂಬ ತನ್ನ ಹೆಸರೇ ಹೊಡೆದ,
ಇಪ್ಪತ್ತಾರು ಸಲ. ನಾನು ಬೆಲ್ಲು ಬಾರಿಸುವುದು ಮರೆತೆ.
ಗೇಟಿನಾಚೆ ಗಾರೆ ಕೆಲಸದಿಂದ ಬಂದ ಅವ್ವ,
ತಲೆಯ ಮೇಲಿನ ಸಿಂಬಿ ಇನ್ನೂ ತೆಗೆದಿಲ್ಲ,
ಕೂಗಿದಳು: 'ಏ ಪಕ್ಯಾ, ಲಗೂ ಬಾರೋ, ಬಸ್ಸು ಹೋಕ್ಕೈತಿ!'

ಅವನು ನನ್ನ ಕಡೆ ನೋಡಿ ನಕ್ಕ.
ಆ ಹೆಸರಿಗೆ ಶಿಫ್ಟು ಬೇಕಿಲ್ಲ.